ಕ್ಯಾನಿನ ತಳದ ಗಸಿ

ಬಿಯರ್ ಮಾಡುವುದನ್ನು ಕಲಿಸುವವರು ಮೊಬೈಲಿನ ತುಂಬ ಇದ್ದಾರೆ. ಬಾರ್ಲಿ ಎಷ್ಟು ಹೊತ್ತು ನೆನೆಯಬೇಕು, ನೀರು ಎಷ್ಟು ಕಾಯಬೇಕು, ಹಾಪ್ಸ್ ಎನ್ನುವ ಕಹಿ ಹೂವು ಯಾವಾಗ ಹಾಕಬೇಕು, ಎಲ್ಲವನ್ನೂ ನಗುನಗುತ್ತ ಹೇಳುತ್ತಾರೆ. ಕೊನೆಗೆ ಗ್ಲಾಸು ಎತ್ತಿ ಹಿಡಿಯುತ್ತಾರೆ, ವಿಡಿಯೋ ಮುಗಿಯುತ್ತದೆ. ಆಮೇಲೆ ಕ್ಯಾನಿನ ತಳದಲ್ಲಿ ಉಳಿದ ಗಸಿಯನ್ನು ಯಾರು ಬಳಿದರು, ಎಲ್ಲಿಗೆ ಒಯ್ದು ಚೆಲ್ಲಿದರು ಎಂದು ಒಬ್ಬನೂ ತೋರಿಸುವುದಿಲ್ಲ. ಬಹುಶಃ ಅವರ ಮನೆಗಳಲ್ಲಿಯೂ ಆ ಕೆಲಸ ಮಾಡುವವರು ಕ್ಯಾಮೆರಾದ ಹಿಂದೆ ಇರುತ್ತಾರೆ.

ನಮ್ಮ ಮನೆಯಲ್ಲಿ ಬಿಯರ್ ಮಾಡುವವರು ನಮ್ಮ ಮನೆಯವರು. ವಿಜಯಪುರ ಜಿಲ್ಲೆಯ ಇಂಡಿ ಪಟ್ಟಣದ ಕಾಲೇಜೊಂದರಲ್ಲಿ ರಸಾಯನಶಾಸ್ತ್ರ ಕಲಿಸುತ್ತಾರೆ. ನಾನು ಹೊರ್ತಿ ಕಡೆಯ ಹಳ್ಳಿಯೊಂದರಲ್ಲಿ ಪ್ರಾಥಮಿಕ ಶಾಲೆಯ ಶಿಕ್ಷಕಿ. ಇವರು ಕುಡುಕರಲ್ಲ, ಅದನ್ನು ಮೊದಲೇ ಹೇಳಿಬಿಡಬೇಕು, ಇಲ್ಲದಿದ್ದರೆ ನನ್ನ ಸಿಟ್ಟಿಗೆ ಓದುವವರು ಬೇರೆ ಕಾರಣ ಹಚ್ಚುತ್ತಾರೆ. ಶನಿವಾರ ಸಂಜೆ ಒಂದು ಬಾಟಲಿ, ಸಿಂದಗಿಯಿಂದ ಗೆಳೆಯರು ಬಂದರೆ ಎರಡು. ಕುಡಿಯುವುದಕ್ಕಿಂತ ಮಾಡುವ ಹುಚ್ಚೇ ಹೆಚ್ಚು. ಲಾಕ್‌ಡೌನಿನಲ್ಲಿ ಸುಮ್ಮನೆ ಕೂತು ನೋಡಿದ ವಿಡಿಯೋಗಳು ತಲೆಯಲ್ಲಿ ಗೂಡು ಕಟ್ಟಿದ್ದವು. ಮೂರು ವರ್ಷದ ಹಿಂದೆ ಒಂದು ದಿನ ಕೊರಿಯರ್‌ನಲ್ಲಿ ಮೊಳಕೆ ಬಾರ್ಲಿ, ಕಹಿ ಹೂವಿನ ಗುಳಿಗೆ, ಈಸ್ಟಿನ ಪೊಟ್ಟಣ ಬಂದಿಳಿದವು. ನನ್ನ ಮದುವೆಯಲ್ಲಿ ತವರಿನವರು ಕೊಟ್ಟ ದೊಡ್ಡ ಬೋಗುಣಿ ಅವತ್ತೇ ನನ್ನ ಕೈ ಬಿಟ್ಟಿತು.

ಕುದಿಸಿ, ಸೋಸಿ, ಆರಿಸಿ, ನೀರಿನ ಇಪ್ಪತ್ತು ಲೀಟರಿನ ಕ್ಯಾನಿಗೆ ಹಾಕಿ, ಈಸ್ಟು ಬೆರೆಸಿ, ಬಾಯಿಗೆ ನಳಿಕೆ ಸಿಕ್ಕಿಸಿ, ಒಳಗಿನ ಸಣ್ಣ ಖೋಲಿಯಲ್ಲಿ ಮಂಚದ ಕೆಳಗೆ ಇಡುತ್ತಿದ್ದರು. ಎರಡು ವಾರ ಅದು ಗುಳುಗುಳು ಎನ್ನುತ್ತ ಕೂಡುತ್ತಿತ್ತು. ನಮ್ಮ ಕಡೆಯ ಬಿಸಿಲಿಗೆ ಕೆಟ್ಟು ಹೋದೀತೆಂದು ಒದ್ದೆ ಗೋಣಿಚೀಲ ಸುತ್ತಿ ಫ್ಯಾನ್ ಹಚ್ಚುತ್ತಿದ್ದರು. ನನ್ನ ಅವ್ವ ಬಸವನ ಬಾಗೇವಾಡಿಯಿಂದ ಬಂದು ಎಂಟು ದಿನ ಇದ್ದಳು, ಆಗಲೂ ಆ ಫ್ಯಾನು ಕ್ಯಾನಿಗೇ. ಅವ್ವ ಅದೇನೆಂದು ಕೇಳಿದಾಗ ಕಾಲೇಜಿನ ಪ್ರಯೋಗ ಎಂದು ಹೇಳಿದರು. ಅಳಿಯ ಬಹಳ ಓದಿದವರೆಂದು ಆಕೆಗೆ ಹೆಮ್ಮೆ.

ಎರಡು ವಾರದ ಮೇಲೆ ಇವರು ಸಣ್ಣ ಪೈಪು ಹಾಕಿ ಮೇಲಿನ ತಿಳಿಯನ್ನು ಬಾಟಲಿಗೆ ಇಳಿಸುತ್ತಿದ್ದರು. ಅಲ್ಲಿಗೆ ವಿಜ್ಞಾನ ಮುಗಿಯಿತು. ತಳದಲ್ಲಿ ನಾಲ್ಕು ಬೆರಳು ಗಸಿ ಉಳಿಯುತ್ತಿತ್ತು. ಕಂದು ಬಣ್ಣದ್ದು, ಅಂಬಲಿಗಿಂತ ಸ್ವಲ್ಪ ಗಟ್ಟಿ, ಹುಳಿ ವಾಸನೆ, ಮುಟ್ಟಿದರೆ ಕೈಗೆ ಮೆತ್ತಿಕೊಂಡು ಬಿಡದು. ಅದು ಸತ್ತ ಪದಾರ್ಥವೂ ಅಲ್ಲ, ಒಳಗೆ ಈಸ್ಟು ಜೀವಂತ ಇರುತ್ತದೆ. ಇವರು ಬಾಟಲಿಗಳನ್ನು ಸಾಲಾಗಿ ನಿಲ್ಲಿಸಿ, ಕೈ ಒರೆಸಿಕೊಂಡು, "ಆ ಗಸಿ ಅಷ್ಟು ಚಲ್ಲಿಬಿಡು, ಕ್ಯಾನ್ ತೊಳದಿಡು" ಎಂದು ಹೊರಗೆ ಹೋಗುತ್ತಿದ್ದರು. 'ಚಲ್ಲಿಬಿಡು' ಎನ್ನುವುದು ಎಷ್ಟು ಸುಲಭದ ಮಾತು.

ನಮ್ಮದು ಮೊಟ್ಟೆಯ ಸಿಪ್ಪೆ ಕೂಡ ಕಾಗದದಲ್ಲಿ ಸುತ್ತಿ ಹೊರಗೆ ಹಾಕಬೇಕಾದ ಓಣಿ. ಮಗ್ಗುಲ ಮನೆಯಲ್ಲಿ ಒಗ್ಗರಣೆಗೆ ಏನು ಬಿತ್ತು ಎಂದು ಈ ಮನೆಯವರಿಗೆ ಮೂಗಿನಿಂದಲೇ ಗೊತ್ತಾಗುತ್ತದೆ. ಅದರ ಮೇಲೆ ನಾನು ಓಣಿಗೆಲ್ಲ 'ಅಕ್ಕಾರು', ಅಂದರೆ ಟೀಚರಮ್ಮ. ಶಾಲೆಯ ಮಕ್ಕಳನ್ನು ಸಾಲು ಹಚ್ಚಿ 'ಕುಡಿತ ಬಿಡಿ' ಎಂದು ಕೂಗಿಸುತ್ತ ಊರಾಡಿಸಿದವಳು; ಮಕ್ಕಳ ಕೈಯ ಫಲಕಗಳನ್ನು ಬರೆದವಳೂ ನಾನೇ. ಅಕ್ಕಾರ ಮನೆಯಲ್ಲಿ ದಾರು ಕಾಸುತ್ತಾರಂತೆ ಎಂದು ಒಬ್ಬರ ಬಾಯಿಂದ ಹೊರಟರೆ ಸಾಕು, ನಾನು ಹದಿನೆಂಟು ವರ್ಷ ಗಳಿಸಿದ್ದು ಒಂದು ಮಧ್ಯಾಹ್ನದಲ್ಲಿ ಹೋಗುತ್ತಿತ್ತು. ಇದಕ್ಕೆ ಪರವಾನಗಿ ಬೇಕಾಗುತ್ತದೇನೋ ಎಂದರೆ ಇವರು "ನೋಡೂಣು ತಗೊ" ಎನ್ನುತ್ತಿದ್ದರು. ಹೆಸರು ಹೋಗುವ ಹೆದರಿಕೆ ನನ್ನದು, ಹವ್ಯಾಸ ಇವರದು. ಹೀಗೆ ನಮ್ಮಲ್ಲಿ ಕೆಲಸ ಹಂಚಿಕೆಯಾಗಿತ್ತು.

ಮೊದಲ ಸಲ ಬಚ್ಚಲಿಗೆ ಸುರಿದೆ. ನಮ್ಮ ಬಚ್ಚಲ ನೀರು ಮುಂದಿನ ತೆರೆದ ಗಟಾರಕ್ಕೆ ಬಿದ್ದು ಓಣಿಯ ಕೊನೆಯವರೆಗೆ ಹರಿಯುತ್ತದೆ. ಹನ್ನೊಂದರ ಬಿಸಿಲು ಏರುವಷ್ಟರಲ್ಲಿ ಗಟಾರದ ಮೇಲೆ ಬುರುಗು ಕೂತಿತ್ತು. ಎದುರು ಮನೆಯ ಹಿರಿಯರು ಕಟ್ಟೆಯ ಮೇಲೆ ಕೂತು, "ಯಾರ್ದೋ ದ್ವಾಸಿ ಹಿಟ್ಟು ಕೆಟ್ಟೈತಿ ನೋಡ್ರಿ ಅಕ್ಕಾರ" ಎಂದರು. ಹೌದ್ರಿ, ಬಿಸಿಲು ಭಾಳ ಐತಿ ಎಂದು ನಾನೂ ದನಿಗೂಡಿಸಿದೆ. ಆಮೇಲೆ ಚೂರು ಚೂರೇ ಹಾಕಿ, ಕೊಡಗಟ್ಟಲೆ ನೀರು ಸುರಿದು, ಮೇಲೆ ಫಿನೈಲ್ ಹಾಕಿ ನೋಡಿದೆ. ನಲ್ಲಿ ವಾರಕ್ಕೆರಡು ಸಲ ಬರುವ ಊರಲ್ಲಿ ನಾನು ಗಟಾರಕ್ಕೆ ಸ್ನಾನ ಮಾಡಿಸುತ್ತಿದ್ದೆ. ಆದರೂ ಹಲವು ಸಲ ಬೇರೆ ದಾರಿ ಕಾಣದೆ ಅಲ್ಲಿಗೇ ಹಾಕಿದ್ದೇನೆ.

ಹಿತ್ತಲ ಕರಿಬೇವಿನ ಗಿಡದ ಬುಡಕ್ಕೆ ಹಾಕಿದರೆ ನೊಣಗಳ ಜಾತ್ರೆ. ಪ್ಲಾಸ್ಟಿಕ್ ಚೀಲದಲ್ಲಿ ಗಂಟು ಕಟ್ಟಿ ಪುರಸಭೆಯ ಕಸದ ಗಾಡಿಗೆ ಕೊಡಲು ಇಟ್ಟರೆ, ಗಾಡಿ ಬರುವಷ್ಟರಲ್ಲಿ ಚೀಲ ಬಲೂನಿನಂತೆ ಊದಿಕೊಂಡಿತ್ತು. ಗಾಡಿಯವಳು ಅದನ್ನು ಕೈಯಲ್ಲಿ ಹಿಡಿದು, ಒಳಗೇನು ಎಂದು ನನ್ನ ಮುಖ ನೋಡಿದಳು. ಅನ್ನ ಹಳಸಿತ್ತು ಎಂದೆ. ಆಕೆ ನನಗಿಂತ ಹೆಚ್ಚು ಹಳಸಿದ ಅನ್ನ ನೋಡಿದವಳು. ಮರುವಾರದಿಂದ ನಮ್ಮ ಚೀಲವನ್ನು ಎರಡು ಬೆರಳಲ್ಲಿ ಹಿಡಿಯತೊಡಗಿದಳು.

ಊರಾಚೆ ಒಯ್ದು ಹಳ್ಳಕ್ಕೆ ಚೆಲ್ಲುವುದೇ ಸರಿ ಎಂದುಕೊಂಡು, ಒಮ್ಮೆ ಕೋಲಾದ ಎರಡು ಲೀಟರಿನ ಬಾಟಲಿಗೆ ಗಸಿ ತುಂಬಿ, ಬಿರಡೆ ಬಿಗಿಯಾಗಿ ತಿರುವಿ, ಶಾಲೆಗೆ ಹೋಗುವ ಚೀಲದಲ್ಲಿ ಹಾಜರಿ ಪುಸ್ತಕದ ಮಗ್ಗುಲಿಗೆ ಇಟ್ಟುಕೊಂಡು ಹೊರ್ತಿ ಬಸ್ಸು ಹತ್ತಿದೆ. ಬಸ್ಸು ತುಂಬಿತ್ತು. ಅರ್ಧ ದಾರಿಗೆ ಚೀಲ ತೊಡೆಯ ಮೇಲೆ ಗಟ್ಟಿಯಾದಂತೆ ಅನಿಸಿತು. ಮುಟ್ಟಿ ನೋಡಿದರೆ ಬಾಟಲಿ ಕಲ್ಲಿನಂತಾಗಿತ್ತು, ಅದರ ತಳ ಉಬ್ಬಿ ಹೊರಗೆ ಬಂದಿತ್ತು. ಬಿರಡೆ ಸ್ವಲ್ಪ ಸಡಿಲಿಸಿದೆ ಅಷ್ಟೇ, ಹಿಸ್ಸೆಂದು ಇಡೀ ಸೀಟು ನೆನೆಯಿತು. ಕಂಡಕ್ಟರು ತಿರುಗಿ ನೋಡಿದರು. "ದ್ವಾಸಿ ಹಿಟ್ಟು ರೀ, ಉಕ್ಕಿಬಿಡ್ತು" ಎಂದೆ. ಮುಂದಿನ ಸೀಟಿನಲ್ಲಿದ್ದ ನನ್ನ ವಿದ್ಯಾರ್ಥಿಯ ತಾಯಿ ಸೆರಗಿನಿಂದ ನನ್ನ ಸೀರೆ ಒರೆಸುತ್ತ, "ಸಾಲಿಗೆ ದ್ವಾಸಿ ಹಿಟ್ಟು ಯಾಕ್ರಿ ಅಕ್ಕಾರ?" ಎಂದು ಕೇಳಿದಳು. ಏನು ಉತ್ತರ ಕೊಟ್ಟೆನೋ ನನಗೆ ನೆನಪಿಲ್ಲ. ಹಾಜರಿ ಪುಸ್ತಕದ ಎರಡು ತಿಂಗಳ ಹಾಳೆ ಅಂಟಿಕೊಂಡಿದ್ದವು, ಅವನ್ನು ಮತ್ತೆ ಬರೆದೆ.

ಅವತ್ತು ಸಂಜೆ ಮನೆಗೆ ಬಂದು, ನೀವೇ ಚೆಲ್ಲಿ ಬನ್ನಿ, ಇಲ್ಲ ಮಾಡುವುದು ಬಿಡಿ ಎಂದು ಜಗಳ ತೆಗೆದೆ. ಇವರು ಕನ್ನಡಕ ತೆಗೆದು ಒರೆಸಿದರು. "ಕಾಲೇಜಿನ ಹುಡುಗರು ದಾರ್ಯಾಗ ಸಿಗ್ತಾರ, ನಾ ಹೆಂಗ ಕ್ಯಾನ್ ಹಿಡಕೊಂಡು ಹೋಗ್ಲಿ?" ಎಂದರು. ಹುಡುಗರೆದುರು ಹೋಗುವ ಮಾನ ಇವರಿಗೆ ಇದೆ, ಬಸ್ಸಿನಲ್ಲಿ ಹೋದ ನನ್ನ ಮಾನ ಲೆಕ್ಕಕ್ಕಿಲ್ಲ. ಹಾಗೆಂದು ಬಾಯಿಬಿಟ್ಟು ಹೇಳಿದೆ ಕೂಡ. ಎರಡು ದಿನ ಮಾತು ಬಿಟ್ಟೆವು, ಮೂರನೆಯ ದಿನ ಕ್ಯಾನಿನಲ್ಲಿ ಉಳಿದದ್ದನ್ನು ನಾನೇ ಬಚ್ಚಲಿಗೆ ಸುರಿದೆ.

ಇನ್ನು ಆಯಿಯ ಮಾತಿಗೆ ಬರಬೇಕು. ನಮ್ಮಿಂದ ನಾಲ್ಕನೆಯ ಮನೆ ಆಕೆಯದು. ಅರವತ್ತು ದಾಟಿದ, ಗಂಡನಿಲ್ಲದ ಹೆಂಗಸು, ಓಣಿಗೆಲ್ಲ ಆಯಿ. ಒಂದು ಎಮ್ಮೆ, ಅದರ ಹಾಲಿನಿಂದಲೇ ಆಕೆಯ ಬದುಕು. ನಮ್ಮ ಕಡೆ ಅಕ್ಕಿ ತೊಳೆದ ನೀರು, ಕಾಯಿಪಲ್ಲೆಯ ಸಿಪ್ಪೆ, ಉಳಿದ ಸಾರು, ಒಣ ರೊಟ್ಟಿಯ ಚೂರು ಎಲ್ಲವನ್ನೂ ಬಾಗಿಲ ಬಳಿ ಒಂದು ಬಕೆಟ್ಟಿಗೆ ಹಾಕಿಡುತ್ತೇವೆ. ಅದಕ್ಕೆ ಮುಸುರಿ ಎನ್ನುತ್ತೇವೆ. ದನ ಇಲ್ಲದ ಮನೆಯವರು ದನ ಇರುವ ಮನೆಗೆ ಅದನ್ನು ಕೊಡುವುದು ಪದ್ಧತಿ. ಆಯಿ ದಿನಾ ನಾಲ್ಕು ಗಂಟೆಗೆ ಬಂದು ಮೂರು ಮನೆಯ ಮುಸುರಿ ಒಯ್ಯುತ್ತಿದ್ದಳು: ನಮ್ಮದು, ಎದುರಿನ ಹಿರಿಯರದು, ಓಣಿಯ ಕೊನೆಯ ಮನೆಯದು. ಮುಸುರಿ ಕೊಟ್ಟ ಮನೆಗೆ ಹಾಲು ಹಾಕುವಾಗ ಒಂದು ಸುರುವು ಹೆಚ್ಚು, ಮಜ್ಜಿಗೆ ಪುಕ್ಕಟೆ.

ಕೊನೆಯ ಮನೆಯವಳು ಲಿಂಬಿಹಣ್ಣಿನ ವಖಾರದಲ್ಲಿ, ಅಂದರೆ ಗೋದಾಮಿನಲ್ಲಿ, ಹಣ್ಣು ಆರಿಸುವ ಕೆಲಸಕ್ಕೆ ಹೋಗುತ್ತಾಳೆ. ಮೂವತ್ತರ ಆಸುಪಾಸಿನವಳು. ಗಂಡ ಗಿಲಾಯಿ ಕೆಲಸದವನು, ಗೋಡೆಗೆ ಸಿಮೆಂಟು ಮೆತ್ತುವುದರಲ್ಲಿ ಬಲು ಚೊಕ್ಕ, ಕುಡಿತದಲ್ಲಿ ಬಲು ಬಹಿರಂಗ. ಓಣಿಯಲ್ಲಿ ದಾರು ಎಂದರೆ ಆತನ ಹೆಸರೇ ಬರುತ್ತಿತ್ತು.

ಬಿಯರಿಗೆ ಕುದಿಸಿದ ಬಾರ್ಲಿಯ ಸಿಪ್ಪೆ ಉಳಿಯುತ್ತದಲ್ಲ, ಅದನ್ನು ನಾನು ಮೊದಲಿನಿಂದಲೂ ಮುಸುರಿಗೇ ಹಾಕುತ್ತಿದ್ದೆ. ಅದರಲ್ಲಿ ಈಸ್ಟಿಲ್ಲ, ಬರೀ ಬೆಂದ ಕಾಳು. ಎಮ್ಮೆಗೆ ಅದೆಂದರೆ ಪ್ರಾಣ. "ನಿಮ್ಮ ಮನಿ ಮುಸುರಿ ಭಾಳ ಛಲೋ ರೀ ಅಕ್ಕಾರ, ಬಕೆಟ್ ನೆಕ್ಕಿ ಬಿಡ್ತೈತಿ" ಎಂದು ಆಯಿ ಹೊಗಳಿದ್ದಳು. ಈ ಹೊಗಳಿಕೆಯೇ ನನ್ನನ್ನು ಕೆಡಿಸಿತು.

ಕಳೆದ ಬೇಸಿಗೆ ರಜೆಯಲ್ಲಿ ಇವರು ಒಮ್ಮೆಲೇ ಎರಡು ಕ್ಯಾನು ಇಟ್ಟರು. ಗೆಳೆಯರು ಬರುವವರಿದ್ದರು. ಬಾಟಲಿಗೆ ಇಳಿಸಿದ ಮೇಲೆ ಎರಡೂ ಕ್ಯಾನಿನ ಗಸಿಯನ್ನು ನೋಡಿ ನನಗೆ ಅಳುವೇ ಬಂತು. ನಾಲ್ಕು ದಿನದಿಂದ ನಲ್ಲಿ ಬಂದಿರಲಿಲ್ಲ, ಬಚ್ಚಲಿಗೆ ಸುರಿಯಲು ಮೇಲೆ ಹಾಕುವ ನೀರಿಲ್ಲ. ನಾನು ಕೂಗಾಡಿದ್ದಕ್ಕೆ ಇವರು ಮೊಬೈಲ್ ತೆಗೆದು ಏನೋ ಓದಿದರು.

"ಏ, ಕೇಳಿಲ್ಲಿ. ದೊಡ್ಡ ಫ್ಯಾಕ್ಟರ್ಯಾಗ ಈ ಗಸಿ ದನಕ್ಕ ಹಾಕ್ತಾರಂತ. ಶಕ್ತಿ ಭಾಳ ಇರತೈತಂತ."

"ಖರೇ ಏನ್ರಿ?"

"ಖರೇ ಅಂದ್ರ ಖರೇ. ಓದಾಕತ್ತೇನಿ ಅಲ್ಲ?"

ಎರಡು ವರ್ಷ ಇದು ಹೊಳೆಯದೆ ಹೋಯಿತಲ್ಲ ಎಂದು ನನ್ನ ಮೇಲೇ ಸಿಟ್ಟು ಬಂತು. ಒಂದು ಕ್ಯಾನಿನ ಗಸಿಯನ್ನು ಪೂರ್ತಿ ಬಳಿದು ಮುಸುರಿ ಬಕೆಟ್ಟಿಗೆ ಹಾಕಿದೆ. ಹಿಂದಿನ ದಿನದ ಅನ್ನ, ಕೆಟ್ಟ ಬೆಲ್ಲದ ಪಾಕ, ಜೋಳದ ಹಿಟ್ಟಿನ ತೌಡು ಅದರಲ್ಲಿದ್ದವು. ಇನ್ನೊಂದು ಕ್ಯಾನಿನದು ನಾಳೆಗಿರಲಿ ಎಂದು ಬಿಟ್ಟೆ. ಕಾರ್ಖಾನೆಯವರು ಈಸ್ಟನ್ನು ಕುದಿಸಿ ಸಾಯಿಸಿದ ಮೇಲೆ, ಅದೂ ಅಳತೆಯಲ್ಲಿ, ದನಕ್ಕೆ ಹಾಕುತ್ತಾರೆ ಎನ್ನುವ ಮಾತು ಅದೇ ಪುಟದಲ್ಲಿ ಇನ್ನೂ ಕೆಳಗಿತ್ತಂತೆ. ಅಷ್ಟು ಕೆಳಗೆ ಇವರು ಮರುದಿನ ಓದಿದರು.

ನಾಲ್ಕು ಗಂಟೆಗೆ ಬಕೆಟ್ಟು ಬಾಯಿಮಟ್ಟ ಉಬ್ಬಿ ಬಂದಿತ್ತು. ಆಯಿ ಬಂದು, "ಇವತ್ತ ಭರ್ಪೂರ್ ಐತಲ್ರಿ" ಎಂದು ಖುಷಿಯಿಂದ ಸೊಂಟಕ್ಕೆ ಏರಿಸಿಕೊಂಡಳು. ಒಯ್ಯಿ ಆಯಿ, ಎಲ್ಲಾ ಒಯ್ಯಿ ಎಂದೆ. ಹೆಗಲ ಮೇಲಿನ ಮೂಟೆ ಇಳಿಸಿದಂತಾಗಿ ನೆಮ್ಮದಿಯಿಂದ ಚಹಾ ಮಾಡಿಕೊಂಡು ಕುಡಿದೆ.

ಹೊತ್ತು ಮುಳುಗುವ ಮುಂಚೆ ಆಯಿಯ ಕೂಗು ಕೇಳಿತು. ಹೋಗಿ ನೋಡಿದರೆ ಎಮ್ಮೆಯ ಎಡಮಗ್ಗುಲು ಡೊಳ್ಳಿನಂತೆ ಉಬ್ಬಿದೆ, ಕತ್ತು ಚಾಚಿ ಬಾಯಿ ತೆರೆದು ಉಸಿರು ಎಳೆಯುತ್ತಿದೆ, ಕಾಲು ನಿಲ್ಲುತ್ತಿಲ್ಲ. ಆಯಿ ಅದರ ಕೊರಳಿಗೆ ತೆಕ್ಕೆ ಹಾಕಿಕೊಂಡು ನಿಂತಿದ್ದಳು. ಎದುರು ಮನೆಯ ಹಿರಿಯರು ಪಶು ಆಸ್ಪತ್ರೆಯ ಡಾಕ್ಟರಿಗೆ ಫೋನ್ ಮಾಡಿದ್ದರು. ಡಾಕ್ಟರು ಬಂದು ಬಾಯಿಗೆ ಅಡ್ಡ ಕಟ್ಟಿಗೆ ಕಟ್ಟಿಸಿ, ಗಂಟಲಲ್ಲಿ ನಳಿಕೆ ಇಳಿಸಿದರು. ಬಂದ ಗಾಳಿಗೆ ಹತ್ತಿರ ನಿಂತವರೆಲ್ಲ ಮೂಗು ಮುಚ್ಚಿಕೊಂಡರು.

"ಇದು ಸೆರೆ ವಾಸನಿ ಅಲ್ಲ? ಏನ್ ಕುಡಿಸೀರಿ ಇದಕ್ಕ?" ಡಾಕ್ಟರು ಆಯಿಯನ್ನು ಕೇಳಿದರು.

"ಮುಸುರಿ ಅಷ್ಟ ರೀ ಸಾಹೇಬ್ರ. ಮೂರು ಮನೀದು. ದಿನಾ ಕುಡೀತೈತ್ರಿ."

"ಖರೇ ಹೇಳ್ರಿ. ಏನ್ ತಿಂದೈತಿ ಗೊತ್ತಾಗಲಾರದ ಔಷಧ ಹೆಂಗ ಕೊಡ್ಲಿ?"

ಎಲ್ಲರ ಕಣ್ಣು ಒಂದೇ ಕಡೆ ತಿರುಗಿದವು. ಕೊನೆಯ ಮನೆಯವಳು ಆಗಷ್ಟೇ ವಖಾರದಿಂದ ಬಂದವಳು, ಊಟದ ಡಬ್ಬಿ ಕೈಯಲ್ಲೇ ಇತ್ತು. ಆಕೆ ಒಂದು ಹೆಜ್ಜೆ ಹಿಂದೆ ಸರಿದಳು. ಹೇಳದಿದ್ದರೆ ಎಮ್ಮೆ ಸಾಯುತ್ತದೆ, ಹೇಳಿದರೆ ನನ್ನ ಹೆಸರು ಸಾಯುತ್ತದೆ. ಆ ಹೊತ್ತಿನಲ್ಲಿ ನಾನು ಒಂದು ಜಾಣತನ ಮಾಡಿದೆ, ಅದನ್ನು ನೆನೆದರೆ ಇವತ್ತಿಗೂ ನನ್ನ ಮೇಲೆ ನನಗೆ ಹೇಸಿಗೆ.

ಮುಂದೆ ಹೋಗಿ ಡಾಕ್ಟರಿಗೆ, "ನಮ್ಮ ಮನಿ ಮುಸುರ್ಯಾಗ ಈಸ್ಟ್ ಹೋಗೈತ್ರಿ ಸರ್, ಜೀವಂತ ಈಸ್ಟ್, ಮೂರು ಲೀಟರ್ ಇದ್ದೀತು" ಎಂದೆ. ಡಾಕ್ಟರು ಒಂದು ಕ್ಷಣ ನನ್ನನ್ನೇ ನೋಡಿದರು. ಅವರಿಗೆ ಎಲ್ಲ ತಿಳಿಯಿತು. ಮತ್ತೇನೂ ಕೇಳದೆ ಕುಸುಬಿ ಎಣ್ಣೆ, ಸೋಡಾ ತರಿಸಿ ಕುಡಿಸಿ, ಸೂಜಿ ಮಾಡಿ, ಒಂದು ತಾಸು ಹೊಟ್ಟೆ ತಿಕ್ಕಿಸಿದರು. ಓಣಿಯ ಹೆಂಗಸರಿಗೆ ಈಸ್ಟ್ ಎಂದರೆ ಬ್ರೆಡ್ಡಿಗೆ ಹಾಕುವ ಪುಡಿ. ಅಕ್ಕಾರು ರಜೆಯಲ್ಲಿ ಬ್ರೆಡ್ ಮಾಡಲು ಹೋಗಿ ಕೆಡಿಸಿರಬೇಕು ಎಂದುಕೊಂಡರು. ಎಂಟೂವರೆಗೆ ಎಮ್ಮೆ ಮೆಲುಕು ಹಾಕಿತು. ಎಮ್ಮೆಯೂ ಉಳಿಯಿತು, ಹೆಸರೂ ಉಳಿಯಿತು ಎಂದು ನಾನು ಮನೆಗೆ ಬಂದು ಹೊಟ್ಟೆ ತುಂಬ ಉಂಡೆ.

ಆದರೆ ಡಾಕ್ಟರು ಹೇಳಿದ ಸೆರೆ ವಾಸನೆಯ ಮಾತು ಓಣಿಯಲ್ಲಿ ಉಳಿದುಬಿಟ್ಟಿತ್ತು. ಬ್ರೆಡ್ಡಿನ ಪುಡಿ ಹಾಗೆ ನಾರುವುದಿಲ್ಲ, ವಾಸನೆ ಇದ್ದ ಮೇಲೆ ಅದಕ್ಕೊಂದು ಮನೆ ಬೇಕಲ್ಲ? ಮರುದಿನದಿಂದ ಆಯಿ ಕೊನೆಯ ಮನೆಯ ಮುಸುರಿ ಒಯ್ಯುವುದನ್ನು ಬಿಟ್ಟಳು. ಹಾಲು ಕೊಡುವುದನ್ನೂ ಬಿಟ್ಟಳು. ಆಕೆ ಪಾತ್ರೆ ಹಿಡಿದು ಬಂದರೆ ಹಾಲು ಮುಗಿಯಿತು ಎನ್ನುವುದು, ನಲ್ಲಿಯ ಬಳಿ ನಿಂತರೆ ಉಳಿದವರು ಕೊಡ ಸರಿಸಿಕೊಳ್ಳುವುದು ಶುರುವಾಯಿತು. ನಾನು ಎಲ್ಲವನ್ನೂ ಕಿಟಕಿಯಿಂದ ನೋಡಿದೆ. ನಾಲ್ಕು ದಿನ ನೋಡಿದೆ.

ಐದನೆಯ ದಿನ ಹೋಗಿ ಆಯಿಗೆ ಬಿಡಿಸಿ ಹೇಳಿದೆ. "ಆಯಿ, ಆಕೀದೇನೂ ತಪ್ಪಿಲ್ಲ. ನಮ್ಮ ಮನ್ಯಾಗ ಇವರು ಬಿಯರ್ ಮಾಡ್ತಾರ. ಅದರ ಗಸಿ ನಾನ ನಿನ್ನ ಬಕೆಟ್ಟಿಗೆ ಹಾಕಿದ್ದೆ."

ಆಯಿ ಸಗಣಿ ತಟ್ಟುವುದನ್ನು ನಿಲ್ಲಿಸಿ ನನ್ನನ್ನು ಕರುಣೆಯಿಂದ ನೋಡಿದಳು. "ಆಕಿ ಬಂದು ನಿಮ್ಮ ಮುಂದ ಅತ್ತಾಳಲ್ರಿ? ನೀವು ದೊಡ್ಡ ಮನಸಿನಾವ್ರು, ಆಕೀನ ಉಳಸಾಕ ನಿಮ್ಮ ಮ್ಯಾಲ ಹಾಕ್ಕೊಳ್ಳಾಕತ್ತೀರಿ. ನಿಮ್ಮ ಮಾಸ್ತರು ಅಂಥಾವ್ರೇನ್ರಿ? ನಮಗ ಗೊತ್ತಿಲ್ಲೇನು?"

ಇಲ್ಲ ಆಯಿ, ಖರೇನೇ ಎಂದು ಎಷ್ಟು ಹೇಳಿದರೂ ಕೇಳಲಿಲ್ಲ. ಸಂಜೆಯೊಳಗೆ ಓಣಿಯಲ್ಲಿ ನನ್ನ ದೊಡ್ಡ ಮನಸ್ಸಿನ ಸುದ್ದಿ ಹಬ್ಬಿತು. ಎದುರು ಮನೆಯ ಹಿರಿಯರು ಕೈ ಮುಗಿದರು. ಎರಡು ವರ್ಷ ಯಾವ ಹೆಸರಿಗಾಗಿ ನಾನು ಕಳ್ಳಿಯಂತೆ ಬಾಳಿದೆನೋ, ಅದನ್ನು ಈಗ ಬೇಡವೆಂದು ಕೊಡಲು ಹೋದರೆ ತೆಗೆದುಕೊಳ್ಳುವವರಿಲ್ಲ. ಇವರು ಇದನ್ನು ಕೇಳಿ, "ಛಲೋ ಆತಲ್ಲ, ಹೇಳಿದಂಗೂ ಆತು, ಏನೂ ಆಗಲೂ ಇಲ್ಲ" ಎಂದರು. ನನ್ನ ಕೈಯಲ್ಲಿ ಲಟ್ಟಣಿಗೆ ಇತ್ತು, ಅದನ್ನು ಕೆಳಗಿಟ್ಟು ಹೊರಗೆ ಬಂದೆ.

ಸೀದಾ ಕೊನೆಯ ಮನೆಗೆ ಹೋದೆ. ಆಕೆ ಹೊಸ್ತಿಲಲ್ಲಿ ಕೂತು ಅಕ್ಕಿ ಆರಿಸುತ್ತಿದ್ದಳು. ಎದ್ದು ಚಾಪೆ ಹಾಸಿದಳು. ನಡೆದದ್ದನ್ನೆಲ್ಲ ಹೇಳಿ, ನನ್ನಿಂದ ನಿನಗೆ ಹೀಗಾಯಿತು ತಂಗಿ ಎಂದೆ. ಆಕೆಗೆ ಸ್ವಲ್ಪವೂ ಆಶ್ಚರ್ಯವಾಗಲಿಲ್ಲ.

"ನಂಗ ಗೊತ್ತೈತ್ರಿ ಅಕ್ಕಾರ" ಎಂದಳು. "ನಿಮ್ಮ ಬಚ್ಚಲ ನೀರು ನಮ್ಮ ಬಾಗಲ ಮುಂದ ಬಂದು ನಿಲ್ತೈತಿ. ದಾರು ವಾಸನಿ ನಂಗ ಯಾರೂ ಹೇಳಿಕೊಡಬೇಕಾಗಿಲ್ಲ. ಎರಡು ವರ್ಷಾತು."

"ಮತ್ತ ಅವತ್ತ ಡಾಕ್ಟರ್ ಮುಂದ ಯಾಕ ಹೇಳಲಿಲ್ಲ ನೀನು?"

"ನಾ ಹೇಳಿದ್ರ ಯಾರು ನಂಬತಿದ್ರು? ನಮ್ಮಂವ ಸೊಲ್ಲಾಪುರಕ್ಕ ಕೆಲಸಕ್ಕ ಹೋಗಿ ತಿಂಗಳಾತು. ಮನ್ಯಾಗ ಗಂಡಸ ಇಲ್ಲ, ದಾರು ಎಲ್ಲಿಂದ ಬರಬೇಕು? ಅದನ್ನ ಒಬ್ರಾದ್ರೂ ಕೇಳಿದ್ರೇನು?" ಆಕೆಯ ದನಿ ಏರಲಿಲ್ಲ. ಅಕ್ಕಿಯಲ್ಲಿ ಒಂದು ಹರಳು ಹುಡುಕಿ ತೆಗೆದಳು. "ನಮ್ಮಂವ ಕುಡದು ಬಂದು ಕಾರಿದ್ದು ನಾ ಬಳೀತೇನಿ. ನಿಮ್ಮವ್ರದು ನೀವು ಬಳೀತೀರಿ. ಊರಿಗೆ ಕಾಣೂದು ನಂದಷ್ಟ."

ಎರಡು ವರ್ಷ ನನ್ನ ಹೆಸರನ್ನು ನಾನು ಕಾಯ್ದೆ ಎಂದುಕೊಂಡಿದ್ದೆ. ಬುರುಗು ಕೂತ ಗಟಾರವನ್ನು ದಾಟಿ ದಿನಾ ಕೆಲಸಕ್ಕೆ ಹೋಗುತ್ತ, ಬಾಯಿ ಬಿಡದೆ ಅದನ್ನು ಕಾಯ್ದವಳು ಇವಳು.

ಎರಡನೆಯ ಕ್ಯಾನಿನ ಗಸಿ ಇನ್ನೂ ಹಾಗೇ ಇತ್ತು. ಈ ಗದ್ದಲದಲ್ಲಿ ಅದನ್ನು ಚೆಲ್ಲುವ ಧೈರ್ಯ ಯಾರಿಗೂ ಆಗಿರಲಿಲ್ಲ. ಮರುದಿನ ಬೆಳಿಗ್ಗೆ ಆರೂವರೆಗೆ, ಆಯಿ ಹಾಲು ಹಾಕುವ ಹೊತ್ತಿಗೆ, ಆ ಕ್ಯಾನನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಹೊರಟೆ. ಇವರು ಹಲ್ಲುಜ್ಜುತ್ತಿದ್ದವರು ಬಾಯಲ್ಲಿ ಬುರುಗಿಟ್ಟುಕೊಂಡೇ, "ಎಲ್ಲಿಗೆ? ಏ, ಎಲ್ಲಿಗೆ?" ಎಂದು ಬಾಗಿಲವರೆಗೆ ಬಂದು ನಿಂತರು. ನಾನು ತಿರುಗಿ ನೋಡಲಿಲ್ಲ.

ಆಯಿಯ ಗೋಠಾದಲ್ಲಿ, ಎಮ್ಮೆ ಕಟ್ಟುವ ಕೊಟ್ಟಿಗೆಯಲ್ಲಿ, ಹೆಂಗಸರು ಪಾತ್ರೆ ಹಿಡಿದು ನಿಂತಿದ್ದರು. ಕ್ಯಾನನ್ನು ಆಯಿಯ ಮುಂದೆ ಇಟ್ಟು ಬಿರಡೆ ತೆಗೆದೆ. ಐದಾರು ದಿನ ಮುಚ್ಚಿಟ್ಟ ಗಸಿಯ ವಾಸನೆ ಗೋಠಾದ ತುಂಬ ಹರಡಿತು. ಎಮ್ಮೆ ಹಗ್ಗ ಜಗ್ಗಿ ಹಿಂದೆ ಸರಿಯಿತು. ಆಯಿ ಕ್ಯಾನಿನೊಳಗೆ ಇಣುಕಿ, ಬಾಯಂಚಿಗೆ ಮೆತ್ತಿದ್ದನ್ನು ಬೆರಳಿಗೆ ಹಚ್ಚಿಕೊಂಡು ಮೂಸಿದಳು.

"ಯಾರು ಕುಡೀತಾರ್ರಿ ಇದನ್ನ?"

"ಇವರು."

"ಹೊತಗೊಂಡು ತಿರಗಾವ್ರು ನೀವು" ಎಂದಳು ಆಯಿ. ಅದು ಪ್ರಶ್ನೆಯಾಗಿರಲಿಲ್ಲ. ಬೆರಳನ್ನು ಸೀರೆಗೆ ಒರೆಸಲು ಹೋಗಿ, ಮನಸ್ಸು ಬಾರದೆ ನೀರಲ್ಲಿ ತೊಳೆದುಕೊಂಡಳು. ಆಮೇಲೆ ನಿಂತವರ ಹಿಂದೆ ಕಣ್ಣು ಹಾಯಿಸಿ, ಓಣಿಯ ಕೊನೆಯ ಕಡೆಗೆ ಕೂಗಿ, "ಏ ಯವ್ವಾ, ಪಾತ್ರಿ ತಗೊಂಡು ಬಾ" ಎಂದಳು. ಆಕೆ ಬರಲು ತಡವಾಯಿತು. ಬರುವವರೆಗೆ ಆಯಿ ಯಾರಿಗೂ ಹಾಲು ಹಾಕಲಿಲ್ಲ, ಯಾರೂ ಕೇಳಲೂ ಇಲ್ಲ. ನನ್ನ ಮುಖವನ್ನೂ ಯಾರೂ ನೋಡಲಿಲ್ಲ. ಹದಿನೆಂಟು ವರ್ಷದ ಗಳಿಕೆ ಹೋಗುವಾಗ ಸದ್ದಾಗುತ್ತದೆ ಎಂದುಕೊಂಡಿದ್ದೆ, ಆಗಲಿಲ್ಲ. ಕೊನೆಯ ಮನೆಯವಳ ಪಾತ್ರೆ ತುಂಬಿದ ಮೇಲೆ ಆಯಿ ನನಗೆ, "ಇದನ್ನ ಇಲ್ಲಿಂದ ತಗೀರಿ ಅಕ್ಕಾರ, ಎಮ್ಮಿ ಹೆದರಾಕತ್ತೈತಿ" ಎಂದಳು.

"ಕಳಸ್ತೇನಿ ಆಯಿ, ಯಾರದೈತಿ ಅವರನ್ನ" ಎಂದು ಬರಿಗೈಯಲ್ಲಿ ಮನೆಗೆ ಬಂದೆ.

ಇವರು ಬಾಗಿಲಲ್ಲೇ ಇದ್ದರು. ನಿಮ್ಮ ಕ್ಯಾನು ಆಯಿಯ ಗೋಠಾದಲ್ಲಿದೆ, ಹೋಗಿ ತನ್ನಿ ಎಂದೆ. ಇವರು ನನ್ನ ಮುಖ ನೋಡಿ ವಾದಕ್ಕೆ ಬರಲಿಲ್ಲ. ಅಂಗಿ ಹಾಕಿಕೊಂಡರು, ಕನ್ನಡಕ ಹಾಕಿಕೊಂಡರು, ಏನನಿಸಿತೋ ಕನ್ನಡಕ ತೆಗೆದು ಜೇಬಿಗಿಟ್ಟರು. ನಾಲ್ಕು ಮನೆಯ ದಾರಿ ಹೋಗಿ ಬರಲು ಕಾಲು ಗಂಟೆ ಹಿಡಿಯಿತು. ಬರುವಾಗ ಕ್ಯಾನನ್ನು ಎದೆಗೆ ಅವಚಿಕೊಂಡಿದ್ದರು, ಅಂಗಿಯ ಮೇಲೆ ಗಸಿ ಇಳಿದಿತ್ತು. ಓಣಿಯ ಎರಡೂ ಬದಿಯ ಬಾಗಿಲುಗಳಲ್ಲಿ ಜನ ನಿಂತಿದ್ದರು. ಮನೆಯ ಮುಂದೆ ಬಂದು ನಿಂತು, ತಗ್ಗಿದ ದನಿಯಲ್ಲಿ ಕೇಳಿದರು.

"ಈಗ ಇದನ್ನ ಎಲ್ಲಿ ಚಲ್ಲೂಣು?"

"ನೀವ ನೋಡ್ರಿ" ಎಂದೆ. "ಗಟಾರಕ್ಕ ಮಾತ್ರ ಬ್ಯಾಡ. ಅದು ಆಕಿ ಬಾಗಲ ಮುಂದ ಹೋಗ್ತೈತಿ."